ತಪ್ಪು ಗುಮಾಸ್ತನದಲ್ಲ, ಆಕಾರವಿಲ್ಲದ ಫೈಲಿನದು

"ಕಾನ್ಫಿಗ್ ಫೈಲ್ ತಾನೇ ಮಾರಾಯ, ನಾಲ್ಕು ಸಾಲು ಗೀಚಿ ಬಿಸಾಕಿದ್ರಾಯ್ತು ಬಿಡು."

ನಮ್ಮ ಸಾಫ್ಟ್‌ವೇರ್ ಮಂದಿಯ ಬಾಯಲ್ಲಿ ನಾನು ಅತಿ ಹೆಚ್ಚು ಸಲ ಕೇಳಿರುವ ಮಾತು ಇದು. ಇಷ್ಟು ವರ್ಷ ಪರ್ಲ್ ಬರೆದು ಹೊಟ್ಟೆ ಹೊರೆದುಕೊಂಡವನಾಗಿ ಹೇಳುತ್ತೇನೆ, ಇದಕ್ಕಿಂತ ದುಬಾರಿ ಮಾತು ನಮ್ಮ ಕಸುಬಿನಲ್ಲಿ ಇನ್ನೊಂದಿಲ್ಲ. ಪ್ರೋಗ್ರಾಮಿಗೆ ಆರು ತಿಂಗಳು, ಟೆಸ್ಟಿಂಗಿಗೆ ಒಂದು ತಿಂಗಳು, ಕಾನ್ಫಿಗರೇಶನ್‌ಗೆ ಶುಕ್ರವಾರ ಸಂಜೆಯ ಅರ್ಧ ಗಂಟೆ. ಆಮೇಲೆ ಏನಾದರೂ ಎಡವಟ್ಟಾದರೆ "ಯಾರೋ ಫೈಲನ್ನು ತಪ್ಪಾಗಿ ಎಡಿಟ್ ಮಾಡಿದ್ದಾರೆ" ಅಂತ ಕೈ ತೊಳೆದುಕೊಳ್ಳುವುದು.

ಪ್ರೋಗ್ರಾಮಿಂಗ್ ಗೊತ್ತಿಲ್ಲದವರಿಗೆ ಒಂದು ಮಾತು. ಯಾವ ದರ, ಎಷ್ಟು ಮಿತಿ, ಯಾವ ಪ್ರಿಂಟರು, ಯಾವ ಸರ್ವರು, ಇಂಥ ತೀರ್ಮಾನಗಳನ್ನು ಪ್ರೋಗ್ರಾಮಿನ ಒಳಗೆ ಹೂಳದೆ ಹೊರಗೆ ಒಂದು ಫೈಲಿನಲ್ಲಿ ಇಟ್ಟಿರುತ್ತಾರೆ. ಅದೇ ಕಾನ್ಫಿಗ್ ಫೈಲು. ಪ್ರೋಗ್ರಾಮು ಬರೆದವನು ಎದ್ದು ಹೋದ ಮೇಲೂ ಅದನ್ನು ಬಳಸುವವರು ತಮಗೆ ಬೇಕಾದಂತೆ ತಿದ್ದಿಕೊಳ್ಳಲಿ ಅನ್ನುವುದು ಉದ್ದೇಶ. ಅಂದರೆ ಈ ಫೈಲನ್ನು ಮುಟ್ಟುವವರಲ್ಲಿ ಹೆಚ್ಚಿನವರು ಪ್ರೋಗ್ರಾಮರುಗಳೇ ಅಲ್ಲ! ಅದನ್ನೇ ನಾವು ಮರೆಯುವುದು.

ನನ್ನ ವಾದ ಒಂದೇ. ಕಾನ್ಫಿಗರೇಶನ್ ಅನ್ನುವುದು ಸಾಲುಗಳ ಪಟ್ಟಿ ಅಲ್ಲ, ಅದು ಮರ. ಅದರಲ್ಲಿ ಯಾವ ಕೊಂಬೆ ಇರಬಹುದು, ಯಾವ ಎಲೆಯಲ್ಲಿ ಏನು ಬರೆಯಬಹುದು ಅನ್ನುವುದನ್ನು ಮೊದಲೇ ಬರೆದಿಟ್ಟು, ಅದಕ್ಕೆ ಹೊಂದದ್ದು ಬಂದರೆ ಪ್ರೋಗ್ರಾಮು "ಇದು ನನಗೆ ಗೊತ್ತಿಲ್ಲ" ಅಂತ ಅಲ್ಲೇ ನಿಲ್ಲಬೇಕು. ಇಷ್ಟನ್ನು ಮಾಡದ ಪ್ರೋಗ್ರಾಮರಿಗೆ ಬಳಕೆದಾರನನ್ನು ಬೈಯುವ ಹಕ್ಕಿಲ್ಲ.

ಮರ ಯಾಕೆ? ನನ್ನ ಊರಿನ ವಿಳಾಸವನ್ನೇ ತೆಗೆದುಕೊಳ್ಳಿ. ಮಂಡ್ಯ ಜಿಲ್ಲೆ, ಮಂಡ್ಯ ತಾಲೂಕು, ಕೊತ್ತತ್ತಿ ಹೋಬಳಿ, ಕೊತ್ತತ್ತಿ ಗ್ರಾಮ. ಗಮನಿಸಿದಿರಾ? ನಾಲ್ಕು ಹಂತ, ಆದರೆ ಹೆಸರು ಎರಡೇ. ಈಗ ಒಂದು ಫೈಲಿನಲ್ಲಿ "ಮಂಡ್ಯ = 50" ಅಂತ ಬರೆದರೆ ಅದು ಜಿಲ್ಲೆಗೋ ತಾಲೂಕಿಗೋ? "ಕೊತ್ತತ್ತಿ = 20" ಅಂದರೆ ಹೋಬಳಿಗೋ ಊರಿಗೋ? ಹೆಸರಿನಿಂದ ಗೊತ್ತಾಗುವುದಿಲ್ಲ, ದಾರಿಯಿಂದ ಮಾತ್ರ ಗೊತ್ತಾಗುತ್ತದೆ. ನಮ್ಮ ಕಂದಾಯ ಇಲಾಖೆಗೆ ಇದು ಕಂಪ್ಯೂಟರ್ ಬರುವ ಎಷ್ಟೋ ಮೊದಲೇ ಗೊತ್ತಿತ್ತು. ಬರೀ "ಸರ್ವೆ ನಂಬರ್ 45" ಅಂದರೆ ಅದಕ್ಕೆ ಅರ್ಥವೇ ಇಲ್ಲ. ಇವತ್ತಿಗೂ ಭೂಮಿ ತಂತ್ರಾಂಶದಲ್ಲಿ ಪಹಣಿ ಬೇಕಾದರೆ ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ ಅಂತ ಒಂದೊಂದೇ ಮೆಟ್ಟಿಲು ಇಳಿಯಬೇಕು. ಮಂಡ್ಯ ತಾಲೂಕು ಆರಿಸಿದ ಮೇಲೆ ಹೋಬಳಿ ಪಟ್ಟಿಯಲ್ಲಿ ಮಂಡ್ಯ ತಾಲೂಕಿನ ಹೋಬಳಿಗಳು ಮಾತ್ರ ಬರುತ್ತವೆ. ಹಲಗೂರು ಬರುವುದಿಲ್ಲ, ಅದು ಮಳವಳ್ಳಿ ತಾಲೂಕಿನದು. ಅಂದರೆ ತಪ್ಪು ಹೆಸರು ಬರೆಯುವ ಅವಕಾಶವನ್ನೇ ಮರ ಕಿತ್ತುಕೊಂಡಿದೆ.

ಇನ್ನೊಂದು ಲಾಭ ನೋಡಿ. 1939ರಲ್ಲಿ ಮಂಡ್ಯ ಜಿಲ್ಲೆ ಮೈಸೂರು ಜಿಲ್ಲೆಯಿಂದ ಬೇರೆಯಾಯಿತು. ಮರದಲ್ಲಿ ಇದು ಒಂದಷ್ಟು ತಾಲೂಕು ಕೊಂಬೆಗಳನ್ನು ಕಡಿದು ಹೊಸ ಬುಡಕ್ಕೆ ಕಸಿ ಮಾಡುವ ಕೆಲಸ. ಕೆಳಗಿನ ಹೋಬಳಿ, ಊರು, ಸರ್ವೆ ನಂಬರುಗಳೆಲ್ಲ ತಾವಾಗಿಯೇ ಜೊತೆಗೆ ಬರುತ್ತವೆ. ಅದೇ ಪ್ರತಿ ಸಾಲಿನಲ್ಲೂ "ಮೈಸೂರು" ಅಂತ ಬರೆದ ಚಪ್ಪಟೆ ಪಟ್ಟಿಯಾಗಿದ್ದರೆ? ಒಂದೊಂದು ಸಾಲನ್ನೂ ತಿದ್ದುತ್ತಾ ಕೂರಬೇಕು, ಎಲ್ಲೋ ಹತ್ತು ಸಾಲು ಉಳಿದೇ ಉಳಿಯುತ್ತವೆ.

"ಅದಕ್ಕೇನು, ಪರ್ಲ್‌ನಲ್ಲಿ ಒಂದು ರೆಗ್ಯುಲರ್ ಎಕ್ಸ್‌ಪ್ರೆಶನ್ ಹಾಕಿ ಎಲ್ಲಾ ಕಡೆ ಬದಲಾಯಿಸಿದರಾಯ್ತು" ಅನ್ನುವ ಶೂರರು ಇದ್ದಾರೆ. ಅವರಿಗೆ 2014ರ ನವೆಂಬರ್ 1 ನೆನಪಿಸುತ್ತೇನೆ. ಅವತ್ತು ರಾಜ್ಯದ 12 ಊರುಗಳ ಇಂಗ್ಲಿಷ್ ಕಾಗುಣಿತ ಬದಲಾಯಿತು, ಬ್ಯಾಂಗಲೋರ್ ಹೋಗಿ ಬೆಂಗಳೂರು ಆಯಿತು. ಆದರೆ ಊರಿನ ಹೆಸರು ಬದಲಾದ ಮಾತ್ರಕ್ಕೆ ಅದನ್ನು ಹೊತ್ತ ಸಂಸ್ಥೆಗಳ ಹೆಸರು ಬದಲಾಗಲಿಲ್ಲ, ಐಐಎಂ ಬ್ಯಾಂಗಲೋರ್ ಐಐಎಂ ಬ್ಯಾಂಗಲೋರ್ ಆಗಿಯೇ ಉಳಿಯಿತು. ಪಠ್ಯವನ್ನು ಬರೀ ಅಕ್ಷರಗಳಾಗಿ ನೋಡುವ ರೆಗ್ಯುಲರ್ ಎಕ್ಸ್‌ಪ್ರೆಶನ್‌ಗೆ ಊರು ಯಾವುದು, ಸಂಸ್ಥೆ ಯಾವುದು, ಯಾರದೋ ಇಮೇಲ್ ಯಾವುದು ಗೊತ್ತೇ? ಅದು ಕುಡುಗೋಲು. ರಾಗಿ ತೆನೆಯನ್ನೂ ಕೊಯ್ಯುತ್ತದೆ, ಅಡ್ಡ ಬಂದರೆ ಬೆರಳನ್ನೂ ಕೊಯ್ಯುತ್ತದೆ.

ಈಗ ವಿಷಯ ಯಾಕೆ ಇಷ್ಟು ಖಾರವಾಗಿ ಬರೆಯುತ್ತಿದ್ದೇನೆ ಅಂತ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಒಂದು ಖಾಸಗಿ ಹಾಲು ಸಂಗ್ರಹಣೆ ಕೇಂದ್ರದವರು ಕರೆಸಿದ್ದರು. ಹೆಸರು ಬೇಡ. ಯಾರೋ ಪರ್ಲ್‌ನಲ್ಲಿ ಬರೆದುಕೊಟ್ಟು ಹೋಗಿದ್ದ ಪ್ರೋಗ್ರಾಮು ಹದಿನೈದು ದಿನಕ್ಕೊಮ್ಮೆ ಬಟವಾಡೆ ಲೆಕ್ಕ ಹಾಕುತ್ತಿತ್ತು. ಹಾಲು ಹಾಕುವವರಿಗೆ ಫೀಡು ಸಾಲದ ಮೇಲೆ ಕೊಟ್ಟು, ಬಟವಾಡೆಯಲ್ಲಿ ಹಿಡಿದುಕೊಳ್ಳುವ ಪದ್ಧತಿ. ಒಂದು ಬಟವಾಡೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹಿಡಿಯಬಾರದು ಅಂತ ಕಾನ್ಫಿಗ್ ಫೈಲಿನಲ್ಲಿ ಒಂದು ಮಿತಿ ಇತ್ತು. ಆ ವರ್ಷ ಮಳೆ ಇಲ್ಲ, ಮೇವಿಲ್ಲ, ಜನಕ್ಕೆ ಕಷ್ಟ ಅಂತ ಆ ಮಿತಿಯನ್ನು ಮೂರನೇ ಒಂದು ಭಾಗಕ್ಕೆ ಇಳಿಸೋಣ ಅಂತ ತೀರ್ಮಾನಿಸಿದರು. ಒಳ್ಳೆಯ ತೀರ್ಮಾನವೇ. ಗುಮಾಸ್ತ ಹಳೇ ಸಾಲನ್ನು ಅಳಿಸಿ ಹೊಸ ಸಾಲು ಬರೆದ. "ಮ್ಯಾಕ್ಸಿಮಮ್" ಅನ್ನುವ ಪದದ ಇಂಗ್ಲಿಷ್ ಕಾಗುಣಿತದಲ್ಲಿ ಒಂದು "ಐ" ಬಿಟ್ಟುಹೋಯಿತು.

ಪ್ರೋಗ್ರಾಮು ಏನು ಮಾಡಿತು ಗೊತ್ತೇ? ಏನೂ ಮಾಡಲಿಲ್ಲ, ಅದೇ ಸಮಸ್ಯೆ. "ಮಿತಿ ಕೊಟ್ಟಿದ್ದರೆ ಅದನ್ನು ಮೀರದಂತೆ ಹಿಡಿ" ಅಂತ ಅದರೊಳಗೆ ಬರೆದಿತ್ತು. ಮಿತಿ ಅನ್ನುವ ಹೆಸರೇ ಸಿಗಲಿಲ್ಲವಲ್ಲ, ಹಾಗಾಗಿ ಮಿತಿಯೇ ಇಲ್ಲ ಅಂದುಕೊಂಡು ಪೂರ್ತಿ ಸಾಲವನ್ನು ಒಂದೇ ಏಟಿಗೆ ಹಿಡಿದುಕೊಂಡಿತು. ಲೆಕ್ಕಕ್ಕೆ ಹೇಳುವುದಾದರೆ 3,000 ರೂಪಾಯಿ ಹಾಲು ಹಾಕಿ, 2,800 ರೂಪಾಯಿ ಫೀಡಿನ ಬಾಕಿ ಇದ್ದವರಿಗೆ ಕೈಗೆ 2,000 ಬರಬೇಕಿತ್ತು, 200 ಬಂತು. ಎರಡು ಹಸು ಕಟ್ಟಿಕೊಂಡು ಅದರಲ್ಲೇ ಮನೆ ನಡೆಸುವ ಹೆಂಗಸರು ಬೆಳಗ್ಗೆ ಕ್ಯಾನು ಸಮೇತ ಬಂದು ಕೇಂದ್ರದ ಮುಂದೆ ನಿಂತರು. ಜನರಿಗೆ ಅನುಕೂಲವಾಗಲಿ ಅಂತ ಮಾಡಿದ ಬದಲಾವಣೆ ಜನರ ಜೇಬಿಗೇ ಕತ್ತರಿ ಹಾಕಿತ್ತು. ಬೈಸಿಕೊಂಡವನು ಮಾತ್ರ ಗುಮಾಸ್ತ. "ಇವನಿಗೆ ಇಂಗ್ಲಿಷ್ ಬರೆಯಕ್ಕೆ ಬರಲ್ಲ" ಅಂತ ಎಲ್ಲರೆದುರು ಅನ್ನಿಸಿಕೊಂಡ.

ಇಲ್ಲ ಸ್ವಾಮಿ. ಒಂದು ಅಕ್ಷರ ಬಿಡುವುದು ಮನುಷ್ಯ ಮಾಡುವ ಕೆಲಸ. ಬಿಟ್ಟದ್ದನ್ನು ಹಿಡಿಯುವುದು ಯಂತ್ರ ಮಾಡಬೇಕಾದ ಕೆಲಸ. ಮನುಷ್ಯ ತನ್ನ ಕೆಲಸ ಮಾಡಿದ, ಯಂತ್ರ ಮಾಡಲಿಲ್ಲ!

ಇಲ್ಲಿ ಪರ್ಲ್‌ನ ಒಂದು ಗುಣವನ್ನು ಮುಚ್ಚಿಡದೆ ಹೇಳಬೇಕು. ಲ್ಯಾರಿ ವಾಲ್ 1987ರಲ್ಲಿ ಪರ್ಲ್ ಹೊರತಂದಾಗ ಅದರಲ್ಲಿ ಮರ ಕಟ್ಟುವ ಸಲಕರಣೆ ಇರಲಿಲ್ಲ. 1994ರಲ್ಲಿ ಪರ್ಲ್ 5 ಬಂತು, ರೆಫರೆನ್ಸ್ ಬಂತು, ಹ್ಯಾಶ್‌ನೊಳಗೆ ಹ್ಯಾಶ್ ಇಡುವುದು ಸಲೀಸಾಯಿತು. ಅವತ್ತಿನಿಂದ ನಮ್ಮವರು "ನಾವೂ ಮರ ಬಳಸುತ್ತೇವೆ" ಅನ್ನುತ್ತಾರೆ. ಆ ಹಾಲಿನ ಪ್ರೋಗ್ರಾಮಿನಲ್ಲೂ ಇದ್ದದ್ದು ಅದೇ, ಹ್ಯಾಶ್‌ನೊಳಗೆ ಹ್ಯಾಶ್. ಆದರೆ ಬರೀ ಹ್ಯಾಶ್‌ನೊಳಗೆ ಹ್ಯಾಶ್ ಅನ್ನುವುದು ನಾವು ಹೇಳುವ ಮರ ಅಲ್ಲ, ಅದು ಪೊದೆ. ಕೇಳಿದ ಕಡೆ ಚಿಗುರುತ್ತದೆ. ಪರ್ಲ್‌ನಲ್ಲಿ "ಕಡಿತದ ಒಳಗೆ, ಫೀಡಿನ ಒಳಗೆ, ಮಿತಿ ಇದೆಯಾ?" ಅಂತ ಬರೀ ಕೇಳಿದರೂ ಸಾಕು, ಮಿತಿ ಹುಟ್ಟುವುದಿಲ್ಲ, ಆದರೆ "ಕಡಿತ" ಮತ್ತು "ಫೀಡು" ಅನ್ನುವ ಎರಡು ಕೊಂಬೆ ಮೊದಲು ಇಲ್ಲದಿದ್ದರೂ ಹುಟ್ಟಿಕೊಂಡುಬಿಡುತ್ತವೆ. ಆಟೋವಿವಿಫಿಕೇಶನ್ ಅಂತ ಇದಕ್ಕೆ ಹೆಸರು. ಲಾಗ್ ಫೈಲಿನಲ್ಲಿ ಪದ ಎಣಿಸುವಾಗ ಇದು ವರ, ಕಾನ್ಫಿಗರೇಶನ್ ಓದುವಾಗ ಶಾಪ. ಮೇಲೆ "ಯೂಸ್ ಸ್ಟ್ರಿಕ್ಟ್ ಹಾಕಿದ್ದೀನಿ" ಅನ್ನುವ ಸಮಾಧಾನ ಬೇರೆ. ಸ್ಟ್ರಿಕ್ಟ್ ಹಿಡಿಯುವುದು ವೇರಿಯಬಲ್ ಹೆಸರಿನ ತಪ್ಪನ್ನು. ಹ್ಯಾಶ್ ಕೀಲಿಯ ಹೆಸರು ತಪ್ಪಿದರೆ ಅದು ತುಟಿ ಪಿಟಕ್ಕೆನ್ನುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಎರಡು ದಾರಿ ಇವೆ, ಒಂದು ಚಿಕ್ಕದು, ಒಂದು ದೊಡ್ಡದು.

ಚಿಕ್ಕ ದಾರಿಗೆ ಹೊರಗಿನಿಂದ ಏನನ್ನೂ ತರಬೇಕಿಲ್ಲ. 2002ರಲ್ಲಿ ಬಂದ ಪರ್ಲ್ 5.8ರಿಂದ ಹ್ಯಾಶ್ ಯುಟಿಲ್ ಅನ್ನುವ ಮಾಡ್ಯೂಲು ಪರ್ಲ್ ಜೊತೆಗೇ ಬರುತ್ತದೆ. ಇರಬಹುದಾದ ಎಲ್ಲ ಹೆಸರುಗಳನ್ನೂ ಅವುಗಳ ಡೀಫಾಲ್ಟ್ ಬೆಲೆಗಳ ಸಮೇತ ಮೊದಲು ಒಂದು ಮರವಾಗಿ ಬರೆಯಿರಿ. ಪ್ರತಿ ಹಂತದಲ್ಲೂ ಲಾಕ್ ಕೀಸ್ ಹಾಕಿ ಬೀಗ ಜಡಿಯಿರಿ. ಆಮೇಲೆ ಫೈಲಿನಿಂದ ಓದಿದ್ದನ್ನು ಒಂದೊಂದೇ ಎಲೆಯಾಗಿ ಅದರೊಳಗೆ ತುಂಬಿ. ಇಲ್ಲದ ಹೆಸರು ಬಂದ ಕ್ಷಣವೇ ಪರ್ಲ್ ಬಾಯಿ ಬಡಿದುಕೊಂಡು ನಿಲ್ಲುತ್ತದೆ. ಒಂದು ಹತ್ತಿಪ್ಪತ್ತು ಸಾಲಿನ ಕೆಲಸ ಅಷ್ಟೇ. ಆ ಹತ್ತಿಪ್ಪತ್ತು ಸಾಲು ಇದ್ದಿದ್ದರೆ ಆ ಹೆಂಗಸರು ಕೇಂದ್ರದ ಮುಂದೆ ನಿಲ್ಲುವ ಪ್ರಸಂಗ ಬರುತ್ತಿರಲಿಲ್ಲ.

ದೊಡ್ಡ ದಾರಿ ಅಂದರೆ ಕಾನ್ಫಿಗ್ ಮಾಡೆಲ್. ಡೆಬಿಯನ್ ಬಳಗದ ಡೊಮಿನಿಕ್ ಡ್ಯುಮೋಂ ಬರೆದ ಈ ಪರ್ಲ್ ಮಾಡ್ಯೂಲು ಸಿಪ್ಯಾನ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಇದರಲ್ಲಿ ಮರದ ಆಕಾರವನ್ನು, ಅಂದರೆ ಮಾಡೆಲ್ಲನ್ನು, ಮೊದಲು ಬರೆಯುತ್ತೀರಿ. ಇದು ಎಲೆ, ಇದರಲ್ಲಿ ಪೂರ್ಣಾಂಕ ಮಾತ್ರ, ಇಂತಿಷ್ಟರಿಂದ ಇಂತಿಷ್ಟರೊಳಗೆ. ಇದು ಹೌದು-ಅಲ್ಲ. ಇದು ನಾಲ್ಕು ಆಯ್ಕೆಗಳಲ್ಲಿ ಒಂದು. ಇದು ಖಡ್ಡಾಯ, ಬಿಡುವಂತಿಲ್ಲ. ಈ ಕೊಂಬೆ ಬೇಕಾದಷ್ಟು ಸಲ ಬರಬಹುದು, ಊರಿಗೊಂದರಂತೆ. ಒಂದು ಎಲೆಯ ಬೆಲೆ ನೋಡಿಕೊಂಡು ಇನ್ನೊಂದು ಕೊಂಬೆ ಕಾಣಿಸಿಕೊಳ್ಳುವಂತೆ ಅಥವಾ ಮರೆಯಾಗುವಂತೆಯೂ ಮಾಡಬಹುದು. ಸಿಎಂಇ ಅನ್ನುವ ಇದರ ಕಮ್ಯಾಂಡು ಫೈಲನ್ನು ಓದಿ, ಮಾಡೆಲ್ಲಿಗೆ ಹೊಂದಿಸಿ ನೋಡಿ, ತಪ್ಪಿದ್ದರೆ ಎಲ್ಲಿ ತಪ್ಪು ಅಂತ ಹೇಳುತ್ತದೆ. ಎಷ್ಟೋ ತಪ್ಪುಗಳನ್ನು ತಾನೇ ತಿದ್ದುತ್ತದೆ. ಡೆಬಿಯನ್ ಪ್ಯಾಕೇಜು ಮಾಡುವವರು ತಮ್ಮ ಫೈಲುಗಳನ್ನು ಇದರಿಂದ ತಪಾಸಣೆ ಮಾಡಿಕೊಳ್ಳುತ್ತಾರೆ.

ಇದರಲ್ಲಿ ನನಗೆ ತುಂಬಾ ಹಿಡಿಸಿದ ಸಂಗತಿ ಹಳೆಯ ಹೆಸರನ್ನು ಗೌರವಿಸುವ ರೀತಿ. ಹೊಸ ಆವೃತ್ತಿಯಲ್ಲಿ ಒಂದು ಎಲೆಯ ಹೆಸರು ಬದಲಾದರೆ ಹಳೆಯದನ್ನು ಕಿತ್ತೆಸೆಯುವುದಿಲ್ಲ. "ಇದು ಹಳತಾಯಿತು, ಇದರ ಬೆಲೆ ಅಲ್ಲಿಗೆ ಹೋಗಲಿ" ಅಂತ ಮಾಡೆಲ್ಲಿನಲ್ಲೇ ಬರೆದಿಡಬಹುದು. ನಮ್ಮೆಲ್ಲರ ಕಂಪ್ಯೂಟರಿನ ಗಡಿಯಾರದಲ್ಲೂ ಇದೇ ಔದಾರ್ಯ ಇದೆ. ಭಾರತದ ಸಮಯವಲಯದ ಹೆಸರು "ಏಷ್ಯಾ/ಕಲ್ಕತ್ತಾ" ಇದ್ದದ್ದು "ಏಷ್ಯಾ/ಕೋಲ್ಕತಾ" ಆಯಿತು, ಆದರೂ ಹಳೆಯ ಹೆಸರನ್ನು ಕೊಂಡಿಯಾಗಿ ಉಳಿಸಿಕೊಂಡರು. ಹಳೇ ಫೈಲಿಟ್ಟುಕೊಂಡವರ ಗಡಿಯಾರ ಒಂದು ನಿಮಿಷವೂ ಆಚೀಚೆ ಆಗಲಿಲ್ಲ. ಹೆಸರು ಬದಲಾಯಿಸುವ ಅಧಿಕಾರ ಇರುವವರು ನಡೆದುಕೊಳ್ಳಬೇಕಾದ್ದು ಹೀಗೆ.

ಅದಕ್ಕೆ ಪ್ರತಿಯಾಗಿ ಸರ್ವರ್ ಅಪ್‌ಗ್ರೇಡ್ ಮಾಡುವಾಗ ಏನಾಗುತ್ತದೆ ನೋಡಿ. ನೀವು ತಿದ್ದಿದ ಕಾನ್ಫಿಗ್ ಫೈಲು ಹೊಸ ಪ್ಯಾಕೇಜಿನಲ್ಲೂ ಬದಲಾಗಿದ್ದರೆ ಡೆಬಿಯನ್ ನಿಂತು ಕೇಳುತ್ತದೆ: ನಿಮ್ಮದನ್ನು ಇಟ್ಟುಕೊಳ್ಳಲೋ, ನಮ್ಮದನ್ನು ಹಾಕಲೋ? ಇಡೀ ಫೈಲೇ ನಿಮ್ಮದು, ಇಲ್ಲ ಇಡೀ ಫೈಲೇ ಅವರದು. ನೀವು ಮುಟ್ಟಿದ ಎರಡು ಎಲೆ ನಿಮ್ಮದಿರಲಿ, ಉಳಿದದ್ದು ಹೊಸದು ಬರಲಿ ಅನ್ನಬೇಕಾದರೆ ವ್ಯತ್ಯಾಸ ನೋಡಿಕೊಂಡು ಕೈಯಲ್ಲೇ ಜೋಡಿಸಬೇಕು. ಕಾನ್ಫಿಗ್ ಮಾಡೆಲ್ಲಿನಲ್ಲಿ ನೀವು ಕೊಟ್ಟ ಬೆಲೆ ಬೇರೆ, ಮೂಲ ತಂತ್ರಾಂಶದ ಡೀಫಾಲ್ಟ್ ಬೇರೆ ಅಂತ ಎಲೆ ಎಲೆಗೂ ಗೊತ್ತಿರುತ್ತದೆ.

ಇನ್ನು ಕನ್ನಡದ ಮಾತು. "ಗುಮಾಸ್ತನಿಗೆ ಇಂಗ್ಲಿಷ್ ಬರಲ್ಲ" ಅಂದರಲ್ಲ, ಫೈಲು ಕನ್ನಡದಲ್ಲೇ ಯಾಕಿರಬಾರದು? ಪರ್ಲ್‌ನಲ್ಲಿ ಹ್ಯಾಶ್ ಕೀಲಿಗಳನ್ನು ಕನ್ನಡದಲ್ಲೇ ಬರೆಯಬಹುದು. ಮಾಡೆಲ್ಲಿನಲ್ಲಿ ಪ್ರತಿ ಎಲೆಗೂ ವಿವರಣೆ ಬರೆಯುವ ಜಾಗ ಇದೆ. ಆ ಮಾಡೆಲ್ಲಿನಿಂದಲೇ ತಿದ್ದುವ ಪರದೆಗಳು ತಯಾರಾಗುತ್ತವೆ. "ಒಂದು ಬಟವಾಡೆಯಲ್ಲಿ ಇಷ್ಟಕ್ಕಿಂತ ಹೆಚ್ಚು ಹಿಡಿಯಬಾರದು" ಅಂತ ಕನ್ನಡದಲ್ಲಿ ಒಂದು ಸಾಲು ಆ ಎಲೆಯ ಪಕ್ಕ ಕಂಡರೆ ಕಾಗುಣಿತದ ಗೊಡವೆಯೇ ಇಲ್ಲ, ಸಂಖ್ಯೆ ಹಾಕಿದರೆ ಮುಗೀತು.

ಆದರೆ ಕನ್ನಡ ಬಳಸಲಿಕ್ಕೂ ಮರಕ್ಕೆ ಕಾವಲು ಬೇಕು, ಹಾಗೇ ಬಿಟ್ಟರೆ ಆಗದು. ಯೂನಿಕೋಡಿನಲ್ಲಿ ನಮ್ಮ "ಕೊತ್ತತ್ತಿ"ಯ "ಕೊ" ಅಕ್ಷರವನ್ನು ಎರಡು ರೀತಿ ಬರೆಯಬಹುದು. ಕ ಮತ್ತು ಒ-ಸ್ವರದ ಒಂದೇ ಚಿಹ್ನೆ ಒಂದು ರೀತಿ. ಕ, ಎ-ಸ್ವರದ ಚಿಹ್ನೆ, ಊ-ಸ್ವರದ ಚಿಹ್ನೆ ಮೂರನ್ನೂ ಸೇರಿಸುವುದು ಇನ್ನೊಂದು ರೀತಿ. ತೆರೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಆದರೆ ಪರ್ಲ್‌ಗೆ ಎರಡೂ ಬೇರೆ ಬೇರೆ ಕೀಲಿ. ಪೊದೆಯಂಥ ಹ್ಯಾಶ್ ಆದರೆ ಸದ್ದಿಲ್ಲದೆ ಎರಡು ಕೊತ್ತತ್ತಿ ಹುಟ್ಟುತ್ತವೆ, ಅರ್ಧ ಲೆಕ್ಕ ಇಲ್ಲಿ, ಅರ್ಧ ಅಲ್ಲಿ! ಇದಕ್ಕೂ ಮದ್ದು ಪರ್ಲ್ ಜೊತೆಗೇ ಇದೆ, ಯೂನಿಕೋಡ್ ನಾರ್ಮಲೈಸ್ ಅನ್ನುವ ಮಾಡ್ಯೂಲು. ಮರದ ಬಾಗಿಲಲ್ಲೇ ಹೆಸರನ್ನು ಒಂದು ರೂಪಕ್ಕೆ ತಂದು, ಪಟ್ಟಿಯಲ್ಲಿ ಇದೆಯಾ ನೋಡಿ, ಆಮೇಲೆ ಒಳಗೆ ಬಿಡಬೇಕು. ಬಾಗಿಲೇ ಇಲ್ಲದ ಮನೆಯಲ್ಲಿ ಕಾವಲುಗಾರ ನಿಲ್ಲುವುದಾದರೂ ಎಲ್ಲಿ?

ಇಷ್ಟು ಹೇಳಿದ ಮೇಲೆ ಎದುರು ವಾದಗಳು ಬರುತ್ತವೆ ಅಂತ ಗೊತ್ತು. ಒಂದೊಂದಾಗಿ ನೋಡೋಣ.

"ಯೂನಿಕ್ಸ್ ಸಂಪ್ರದಾಯ ಅಂದ್ರೆ ಸಾದಾ ಪಠ್ಯ. ವಿಐ ಇದೆ, ಗ್ರೆಪ್ ಇದೆ, ಮರ ಯಾಕೆ?" ಪಠ್ಯ ಬೇಡ ಅಂದವರು ಯಾರು? ಫೈಲು ಪಠ್ಯವಾಗಿಯೇ ಇರಲಿ, ಐಎನ್ಐ ಆಗಿರಲಿ, ಯಾಮಲ್ ಆಗಿರಲಿ. ಕಾನ್ಫಿಗ್ ಮಾಡೆಲ್ ಓದುವುದೂ ಬರೆಯುವುದೂ ಅದನ್ನೇ. ಆಜಿಯಸ್ ಅನ್ನುವ ಇನ್ನೊಂದು ತಂತ್ರಾಂಶವೂ ಅಷ್ಟೇ, ಈಟಿಸಿಯೊಳಗಿನ ಫೈಲುಗಳನ್ನು ಮರವಾಗಿ ತೋರಿಸಿ, ತಿದ್ದಿದ ಮೇಲೆ ಮತ್ತೆ ಪಠ್ಯವಾಗಿಯೇ ಬರೆಯುತ್ತದೆ. ಪಠ್ಯ ಅನ್ನುವುದು ಮರವನ್ನು ಕಾಗದದ ಮೇಲೆ ಇಳಿಸುವ ರೀತಿ, ಅಷ್ಟೇ. ಪಹಣಿಯೂ ಕಾಗದವೇ ಅಲ್ಲವೇ?

"ವಿಂಡೋಸ್ ರಿಜಿಸ್ಟ್ರಿಯೂ ಮರವೇ. ಅದರ ಗತಿ ನೋಡಿಲ್ವಾ?" ನೋಡಿದ್ದೇನೆ. ಅದರ ತಪ್ಪು ಮರವಾದದ್ದಲ್ಲ. ಇಡೀ ಊರಿನ ತೆಂಗು, ಮಾವು, ಹುಣಸೆ ಎಲ್ಲವನ್ನೂ ಒಂದೇ ಬುಡಕ್ಕೆ ಕಟ್ಟಿ, ಕಣ್ಣಿಗೆ ಕಾಣದ ಬೈನರಿ ಫೈಲಿನಲ್ಲಿ ಇಟ್ಟದ್ದು ತಪ್ಪು. ಯಾವ ಪ್ರೋಗ್ರಾಮು ಯಾವ ಕೊಂಬೆ ನೆಡಬಹುದು ಅನ್ನುವ ಮಾಡೆಲ್ ಇಲ್ಲದ್ದು ಇನ್ನೂ ದೊಡ್ಡ ತಪ್ಪು. ಅದೂ ಪೊದೆಯೇ, ಬರೀ ದೊಡ್ಡ ಪೊದೆ.

"ನಂದು ಇನ್ನೂರು ಸಾಲಿನ ಸ್ಕ್ರಿಪ್ಟು, ಅದಕ್ಕೆ ಇಷ್ಟು ದೊಡ್ಡ ಮಾಡ್ಯೂಲು, ಅದರ ಹಿಂದೆ ಇನ್ನೊಂದಷ್ಟು ಮಾಡ್ಯೂಲು ಇನ್ಸ್ಟಾಲ್ ಮಾಡ್ಲಾ?" ನ್ಯಾಯವಾದ ಮಾತು, ಒಪ್ಪಿದೆ. ಅದಕ್ಕೇ ಚಿಕ್ಕ ದಾರಿ ಮೊದಲು ಹೇಳಿದ್ದು. ಆದರೆ ಹಾಲಿನ ಬಟವಾಡೆಯ ಪ್ರೋಗ್ರಾಮೂ ಒಂದು ಕಾಲಕ್ಕೆ ಇನ್ನೂರು ಸಾಲಿನ ಸ್ಕ್ರಿಪ್ಟೇ ಆಗಿತ್ತು ಅನ್ನುವುದು ನೆನಪಿರಲಿ. ಸ್ಕ್ರಿಪ್ಟು ಚಿಕ್ಕದು ದೊಡ್ಡದು ಅನ್ನುವುದು ಸಾಲಿನ ಲೆಕ್ಕದಲ್ಲಿ ಅಲ್ಲ, ಅದರ ಉತ್ತರದ ಮೇಲೆ ಯಾರ ಅನ್ನ ನಿಂತಿದೆ ಅನ್ನುವುದರಲ್ಲಿ.

"ಈಗ ಯಾರು ಸ್ವಾಮಿ ಪರ್ಲ್ ಬರೀತಾರೆ?" ಡೆಬಿಯನ್‌ನ ಪ್ಯಾಕೇಜು ಕಟ್ಟುವ ಸಲಕರಣೆಗಳು ಇವತ್ತಿಗೂ ಪರ್ಲ್ ಮೇಲೆ ನಿಂತಿವೆ. ಅದೂ ಬೇಡ ಅಂದರೆ ಪೈಥಾನಿನ ಡಿಕ್ಷನರಿಯಲ್ಲಿ ತಪ್ಪು ಕೀಲಿ ಬರೆದು ನೋಡಿ. ನೇರ ಕೇಳಿದರೆ ಬೈಯುತ್ತದೆ ನಿಜ, ಆದರೆ ನಮ್ಮವರು ಎಲ್ಲಾ ಕಡೆ "ಗೆಟ್" ಹಾಕಿ ಆ ಬೈಗುಳವನ್ನೂ ಬಾಯಿ ಮುಚ್ಚಿಸಿರುತ್ತಾರೆ. ಭಾಷೆ ಬದಲಾಯಿಸಿದರೆ ಸೋಮಾರಿತನ ಹೋಗುವುದಿಲ್ಲ.

ಕೊನೆಗೆ ಪ್ರೋಗ್ರಾಮು ಬರೆಯುವ ಗೆಳೆಯರಲ್ಲಿ ಮೂರು ಬೇಡಿಕೆ. ಗೊತ್ತಿಲ್ಲದ ಹೆಸರು ಫೈಲಿನಲ್ಲಿ ಕಂಡರೆ ಮುಂದೆ ಹೋಗಬೇಡಿ, ಸಾಲಿನ ಸಂಖ್ಯೆ ಸಮೇತ ಹೇಳಿ ನಿಲ್ಲಿ. ದುಡ್ಡಿಗೆ ಸಂಬಂಧಪಟ್ಟ ಎಲೆ ಖಾಲಿ ಇದ್ದರೆ ಅದನ್ನು "ಮಿತಿ ಇಲ್ಲ" ಅಂತ ಓದಬೇಡಿ, "ಹೇಳಿಲ್ಲ" ಅಂತ ಓದಿ. ತಿದ್ದುವವನು ನೀವಲ್ಲ, ಇಂಗ್ಲಿಷ್ ಕಾಗುಣಿತ ಬಾರದ, ಆದರೆ ಜನರ ಕಷ್ಟ ಗೊತ್ತಿರುವ ಒಬ್ಬ ಗುಮಾಸ್ತ ಅಂತ ತಿಳಿದುಕೊಂಡೇ ಮರ ಕಟ್ಟಿ.

ಇಷ್ಟು ಮಾಡಿದ ಮೇಲೂ ಯಾರಾದರೂ ಫೈಲು ಕೆಡಿಸಿದರೆ ಬೈಯಿರಿ, ನಾನೂ ನಿಮ್ಮ ಜೊತೆ ಸೇರಿಕೊಳ್ಳುತ್ತೇನೆ. ಅಲ್ಲಿಯವರೆಗೆ ಗುಮಾಸ್ತನನ್ನು ಬಿಟ್ಟುಬಿಡಿ.